ಪಾಸ್‌ವರ್ಡ್ ಸೋರದೆಯೂ ಇನ್ನೊಬ್ಬರ ಹೆಸರಲ್ಲಿ ಲಾಗಿನ್ ಆಗುವುದು ಹೇಗೆ?

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ಕಾಲೇಜಿನಲ್ಲಿ ಸಿಸ್ಟಮ್ ಅಡ್ಮಿನ್. ನಮ್ಮಲ್ಲಿ ಮೂಡಲ್ (ಪಾಠಗಳ ಆನ್‌ಲೈನ್ ತಾಣ), ಫೀಸ್ ಪೋರ್ಟಲ್, ಗ್ರಂಥಾಲಯದ ಇ-ಜರ್ನಲ್‌ಗಳು, ಎಲ್ಲಕ್ಕೂ ಸೇರಿ ಒಂದೇ ಲಾಗಿನ್ ಇದೆ. ಅದಕ್ಕೆ ಶಿಬೊಲೆತ್ ಎಂಬ ಸಾಫ್ಟ್‌ವೇರ್ ಹಾಕಿದ್ದೇವೆ. ಮೊನ್ನೆ ವೆಂಡರ್ ಕಡೆಯಿಂದ ಒಂದು ಮೇಲ್ ಬಂತು. 'ಬೇರೆಯವರ ಸೋಗಿನಲ್ಲಿ ಒಳಗೆ ಬರಲು ಅವಕಾಶ ಕೊಡುವ ದೋಷ ಸಿಕ್ಕಿದೆ, ತಕ್ಷಣ ಅಪ್‌ಡೇಟ್ ಮಾಡಿ' ಅಂತ. ನಮ್ಮಲ್ಲಿ ಎಲ್ಲರಿಗೂ ಒಟಿಪಿ ಇದೆ. ಯಾರ ಪಾಸ್‌ವರ್ಡೂ ಸೋರಿಲ್ಲ. ಹೀಗಿರುವಾಗ ಇದು ಹೇಗೆ ಸಾಧ್ಯ? 'ಇಷ್ಟೆಲ್ಲ ರಗಳೆ ಇದ್ದರೆ ಹಳೇ ಥರ ಬೇರೆ ಬೇರೆ ಪಾಸ್‌ವರ್ಡ್‌ಗೇ ಹೋಗೋಣ' ಅಂತ ಪ್ರಿನ್ಸಿಪಾಲರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಅಪ್‌ಡೇಟ್ ಹಾಕಿ, ಆಮೇಲೆ ಇದನ್ನು ಓದಿ. ಈ ಬಗೆಯ ದೋಷಕ್ಕೆ ತಿದ್ದುಪಡಿ ಹೊರಬಿದ್ದ ಮೇಲೆ ಅದನ್ನು ಬಳಸಿಕೊಳ್ಳುವ ದಾರಿಯೂ ಬೇಗನೆ ಹೊರಬೀಳುತ್ತದೆ. ಹಳೆಯ ಕೋಡ್ ಮತ್ತು ಹೊಸ ಕೋಡ್ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ತೂತಿತ್ತು ಎಂದು ಬಲ್ಲವರಿಗೆ ಗೊತ್ತಾಗಿಬಿಡುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಪಾಸ್‌ವರ್ಡ್ ಗಟ್ಟಿಯಾಗಿದ್ದು, ಮೇಲೆ ಒಟಿಪಿಯೂ ಇದ್ದರೆ ಲಾಗಿನ್ ಭದ್ರ ಎಂದು ನೀವು ನಂಬಿದ್ದೀರಿ. ಸಿಂಗಲ್ ಸೈನ್ ಆನ್, ಅಂದರೆ ಎಲ್ಲಕ್ಕೂ ಒಂದೇ ಲಾಗಿನ್, ಬಂದ ಮೇಲೆ ಈ ನಂಬಿಕೆ ಅರ್ಧ ಮಾತ್ರ ನಿಜ. ಏಕೆಂದರೆ ಪಾಸ್‌ವರ್ಡನ್ನೂ ಒಟಿಪಿಯನ್ನೂ ನೋಡುವುದು ನಿಮ್ಮ ಲಾಗಿನ್ ಸರ್ವರ್ ಒಂದೇ. ಮೂಡಲ್‌ಗೆ ಅವೆರಡೂ ಕಾಣುವುದೇ ಇಲ್ಲ. ಅದಕ್ಕೆ ಸಿಗುವುದು ಲಾಗಿನ್ ಸರ್ವರ್ ಬರೆದುಕೊಟ್ಟ ಒಂದು ಹೇಳಿಕೆ: 'ಇವರು ಇಂಥವರು, ಇಷ್ಟು ಗಂಟೆಗೆ ನನ್ನ ಹತ್ತಿರ ಲಾಗಿನ್ ಆದರು, ಈ ಮಾತು ಮೂಡಲ್‌ಗೆ ಮಾತ್ರ, ಇನ್ನು ಐದು ನಿಮಿಷ ಮಾತ್ರ.' ಇಂಥ ಹೇಳಿಕೆ ಕಳಿಸಲು ಶಿಬೊಲೆತ್ ಬಳಸುವ ಸ್ಯಾಮಲ್ ಎಂಬ ಪದ್ಧತಿಯಲ್ಲಿ ಇದಕ್ಕೆ ಅಸರ್ಷನ್ ಎನ್ನುತ್ತಾರೆ. ಓಪನ್‌ಐಡಿ ಕನೆಕ್ಟ್ ಎಂಬ ಇನ್ನೊಂದು ಪದ್ಧತಿಯಲ್ಲಿ ಐಡಿ ಟೋಕನ್ ಎನ್ನುತ್ತಾರೆ. ಅದಕ್ಕೆ ಲಾಗಿನ್ ಸರ್ವರ್‌ನ ಡಿಜಿಟಲ್ ಸಹಿ ಇರುತ್ತದೆ.

ಈ ಹೇಳಿಕೆ ಸಾಮಾನ್ಯವಾಗಿ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ನೇರವಾಗಿ ಹೋಗುವುದಿಲ್ಲ. ಬಳಕೆದಾರರ ಬ್ರೌಸರ್ ಮೂಲಕ ಹೋಗುತ್ತದೆ. ಅಂದರೆ ನಡುದಾರಿಯಲ್ಲಿ ಅದು ಅವರ ಕೈಯಲ್ಲೇ ಇರುತ್ತದೆ. ಬಿಚ್ಚಿ ನೋಡಬಹುದು, ತಿದ್ದಬಹುದು. ತಿದ್ದಿದರೆ ಗೊತ್ತಾಗಲಿ ಎಂದೇ ಸಹಿ ಇರುವುದು.

ಹಾಗಾಗಿ ಆ್ಯಪ್ ಎರಡು ಕೆಲಸ ಮಾಡಬೇಕು. ಸಹಿ ಸರಿಯಿದೆಯಾ ಎಂದು ನೋಡಬೇಕು, ಆಮೇಲೆ ಒಳಗಿರುವ ಹೆಸರನ್ನು ಓದಬೇಕು. ಕೇಳಲು ಸುಲಭ ಅಲ್ವಾ? ಆದರೆ ಸಹಿ ನೋಡಿದ್ದು ಒಂದರ ಮೇಲೆ, ಹೆಸರು ಓದಿದ್ದು ಇನ್ನೊಂದರಿಂದ ಎಂದಾದರೆ ಕಥೆ ಮುಗಿಯಿತು. 2012ರಿಂದ ಈಚೆಗೆ ಹೊರಬಂದ ದೊಡ್ಡ ಸೋಗಿನ ದೋಷಗಳಲ್ಲಿ ಬಹಳಷ್ಟು ಹುಟ್ಟಿದ್ದು ಈ ಬಿರುಕಿನಲ್ಲೇ. ಅಲ್ಲಿ ಪಾಸ್‌ವರ್ಡ್‌ನ ಪ್ರಸ್ತಾಪವೇ ಬರುವುದಿಲ್ಲ. ಒಟಿಪಿಯೂ ಅಷ್ಟೇ.

2012ರಲ್ಲಿ ಜರ್ಮನಿಯ ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದವರು ಮತ್ತು ಅವರ ಜೊತೆಗಾರರು 14 ಸ್ಯಾಮಲ್ ಸಾಫ್ಟ್‌ವೇರ್‌ಗಳನ್ನು ಪರೀಕ್ಷೆ ಮಾಡಿದರು. 11ರಲ್ಲಿ ತೂತು ಸಿಕ್ಕಿತು. ಸೇಲ್ಸ್‌ಫೋರ್ಸ್, ಐಬಿಎಂನಂಥ ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಅದರಲ್ಲಿತ್ತು, ನೀವು ಬಳಸುವ ಶಿಬೊಲೆತ್ ಕೂಡ ಇತ್ತು. ಸ್ಯಾಮಲ್ ದಾಖಲೆಗಳನ್ನು ಬರೆಯುವ ರೂಪಕ್ಕೆ ಎಕ್ಸ್‌ಎಂಎಲ್ ಎನ್ನುತ್ತಾರೆ. ಅವರು ಬಳಸಿದ ತಂತ್ರಕ್ಕೆ ಎಕ್ಸ್‌ಎಂಎಲ್ ಸಿಗ್ನೇಚರ್ ರ‍್ಯಾಪಿಂಗ್ ಎಂದು ಹೆಸರು. ಕಚೇರಿಯ ಗುಮಾಸ್ತರ ಮುಂದೆ ಒಂದು ಫೈಲ್ ಇಟ್ಟಿದ್ದೀರಿ ಎಂದುಕೊಳ್ಳಿ. ಒಳಗೆಲ್ಲೋ ಸಾಹೇಬರ ಸೀಲು, ಸಹಿ ಇರುವ ಅಸಲಿ ಹಾಳೆ ಇದೆ. ಎಲ್ಲಕ್ಕಿಂತ ಮೇಲೆ ನೀವೇ ಬರೆದ ಒಂದು ಹಾಳೆ ಇದೆ. ಗುಮಾಸ್ತರು ಫೈಲ್ ತಿರುವಿ ಸೀಲು ಹುಡುಕಿ, ಅದು ಅಸಲಿ ಎಂದು ಒಪ್ಪಿ, ಹೆಸರನ್ನು ಮಾತ್ರ ಮೇಲಿನ ಹಾಳೆಯಿಂದ ಬರೆದುಕೊಂಡರು. ಆ ಸಾಫ್ಟ್‌ವೇರ್‌ಗಳು ಮಾಡಿದ್ದೂ ಇದನ್ನೇ. ಎಕ್ಸ್‌ಎಂಎಲ್ ಸಹಿ 'ನಾನು ಇಂಥ ಗುರುತಿನ ಸಂಖ್ಯೆಯ ಭಾಗಕ್ಕೆ ಸೇರಿದ್ದು' ಎಂದು ಹೇಳುತ್ತದೆ. ಸಹಿ ನೋಡುವ ಕೋಡ್ ಆ ಸಂಖ್ಯೆಯ ಭಾಗವನ್ನು ದಾಖಲೆಯ ಯಾವ ಮೂಲೆಯಲ್ಲಿದ್ದರೂ ಹುಡುಕಿ ಪರೀಕ್ಷಿಸುತ್ತದೆ. ಹೆಸರು ಓದುವ ಕೋಡ್ ಮಾತ್ರ ಮೊದಲು ಕಂಡ ಅಸರ್ಷನ್ ತೆಗೆದುಕೊಳ್ಳುತ್ತದೆ. ಎರಡೂ ಒಂದೇನಾ ಎಂದು ಯಾರೂ ಕೇಳುವುದಿಲ್ಲ.

ಆರು ವರ್ಷ ಬಿಟ್ಟು ಬಂದ ದೋಷ ಇದಕ್ಕಿಂತ ಸೂಕ್ಷ್ಮ. ನನ್ನ ಪ್ರಕಾರ ಈ ವಿಷಯ ಕಲಿಯುವ ಪ್ರತಿಯೊಬ್ಬರೂ ಅದನ್ನು ಒಮ್ಮೆ ಬಿಡಿಸಿ ನೋಡಬೇಕು. 2018ರ ಫೆಬ್ರವರಿ 27ರಂದು ಡುಯೊ ಸೆಕ್ಯೂರಿಟಿ ಸಂಸ್ಥೆಯ ಕೆಲ್ಬಿ ಲಡ್ವಿಗ್ ಅದನ್ನು ಹೊರಗಿಟ್ಟರು.

ನಿಮ್ಮ ಕಾಲೇಜಿನ ಒಬ್ಬ ಅಧ್ಯಾಪಕಿಯ ಲಾಗಿನ್ ಹೆಸರು ಹೀಗಿದೆ ಎಂದುಕೊಳ್ಳಿ:

ಗಿರಿಜಾ@ಕಾಲೇಜು.ಇನ್

ದಾಳಿ ಮಾಡುವವನು ಅದೇ ಲಾಗಿನ್ ಸರ್ವರ್‌ನಲ್ಲಿ ಹೀಗೆ ಒಂದು ಖಾತೆ ತೆರೆಯುತ್ತಾನೆ:

ಗಿರಿಜಾ@ಕಾಲೇಜು.ಇನ್.ಕಳ್ಳ.ಕಾಮ್

ಇದು ಅವನದೇ ಖಾತೆ, ಅವನದೇ ಪಾಸ್‌ವರ್ಡ್, ಒಟಿಪಿಯೂ ಅವನ ಫೋನಿಗೇ ಬರುತ್ತದೆ. ಲಾಗಿನ್ ಸರ್ವರ್ ನಿಯಮದ ಪ್ರಕಾರವೇ ಅವನಿಗೆ ಸಹಿ ಮಾಡಿದ ಅಸರ್ಷನ್ ಕೊಡುತ್ತದೆ. ಅದು ಅವನ ಬ್ರೌಸರ್‌ಗೆ ಬಂದಾಗ ಅವನು ಒಂದೇ ಒಂದು ತಿದ್ದುಪಡಿ ಮಾಡುತ್ತಾನೆ:

ಗಿರಿಜಾ@ಕಾಲೇಜು.ಇನ್<!---->.ಕಳ್ಳ.ಕಾಮ್

ನಡುವೆ ಸೇರಿಸಿದ್ದು ಎಕ್ಸ್‌ಎಂಎಲ್‌ನ ಖಾಲಿ ಕಾಮೆಂಟ್, ಅಂದರೆ ದಾಖಲೆಯ ವಿಷಯಕ್ಕೆ ಸೇರದ ಟಿಪ್ಪಣಿ. ತಿದ್ದಿದ ಮೇಲೆ ಸಹಿ ಕೆಡಬೇಕಿತ್ತು. ಕೆಡುವುದಿಲ್ಲ! ಒಂದೇ ಎಕ್ಸ್‌ಎಂಎಲ್ ದಾಖಲೆಯನ್ನು ಹತ್ತಾರು ಥರ ಬರೆಯಬಹುದು. ಜಾಗ ಹೆಚ್ಚುಕಡಿಮೆ ಆಗಬಹುದು, ಗುಣಲಕ್ಷಣಗಳ ಕ್ರಮ ಬದಲಾಗಬಹುದು. ಅದಕ್ಕೇ ಸಹಿ ನೋಡುವ ಮೊದಲು ದಾಖಲೆಯನ್ನು ಒಂದು ಗೊತ್ತಾದ ರೂಪಕ್ಕೆ ತರುವ ಹಂತ ಇದೆ. ಸ್ಯಾಮಲ್‌ನಲ್ಲಿ ಸಾಮಾನ್ಯವಾಗಿ ಬಳಸುವ ಕ್ರಮ ಈ ಹಂತದಲ್ಲಿ ಕಾಮೆಂಟ್‌ಗಳನ್ನು ತೆಗೆದುಹಾಕುತ್ತದೆ. ತೆಗೆದ ಮೇಲೆ ಉಳಿಯುವುದು ಮೊದಲಿನ ಉದ್ದ ಹೆಸರೇ, ಸಹಿಯೂ ತಾಳೆಯಾಗುತ್ತದೆ. ಮುಂದೆ ಹೆಸರು ಓದುವ ಕೋಡ್ ಬರುತ್ತದೆ. ಅದರ ಮುಂದಿರುವುದು ಕಾಮೆಂಟ್ ಇರುವ ಮೂಲ ದಾಖಲೆ. ಕೆಲವು ಎಕ್ಸ್‌ಎಂಎಲ್ ಲೈಬ್ರರಿಗಳಲ್ಲಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳಲ್ಲಿ) ಕಾಮೆಂಟ್ ಅಡ್ಡ ಬಂದರೆ ಪಠ್ಯ ಎರಡು ತುಂಡಾಗುತ್ತದೆ, 'ಪಠ್ಯ ಕೊಡು' ಎಂದರೆ ಮೊದಲ ತುಂಡು ಮಾತ್ರ ಸಿಗುತ್ತದೆ. ಆ ಮೊದಲ ತುಂಡು ಗಿರಿಜಾ ಮೇಡಂ ಅವರ ಹೆಸರು! ಅವನು ಅವರಾಗಿ ಒಳಗೆ ಬಂದ.

ಗಣಿತ ಎಲ್ಲೂ ಮುರಿದಿಲ್ಲ ನೋಡಿ. ಗೂಢಲಿಪಿ ಗಟ್ಟಿಯಾಗಿದೆ, ಸಹಿ ಮಾಡುವ ಕೀ ಕಳುವಾಗಿಲ್ಲ, ಎರಡೂ ಲೈಬ್ರರಿ ತಮ್ಮ ತಮ್ಮ ನಿಯಮದ ಪ್ರಕಾರವೇ ನಡೆದಿವೆ. ಇಬ್ಬರೂ ಒಂದೇ ದಾಖಲೆಯನ್ನು ಬೇರೆ ಬೇರೆಯಾಗಿ ಓದಿದರು, ಅಷ್ಟೇ. ಒನ್‌ಲಾಗಿನ್‌ನ ಪೈಥಾನ್ ಮತ್ತು ರೂಬಿ ಲೈಬ್ರರಿಗಳು, ಆಮ್ನಿಆಥ್, ಕ್ಲೆವರ್ ಸಂಸ್ಥೆಯ ಜಾವಾಸ್ಕ್ರಿಪ್ಟ್ ಲೈಬ್ರರಿ, ದೋಷ ಕಂಡುಹಿಡಿದ ಡುಯೊದ್ದೇ ಒಂದು ಉತ್ಪನ್ನ, ಎಲ್ಲದರಲ್ಲೂ ಈ ತೊಂದರೆ ಇತ್ತು. ಶಿಬೊಲೆತ್‌ನಲ್ಲಿ ಇದರ ಸಂಖ್ಯೆ (ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ) ಸಿವಿಇ-2018-0489. ಎಕ್ಸ್‌ಎಂಎಲ್‌ಟೂಲಿಂಗ್ ಲೈಬ್ರರಿಯ 1.6.4ನೇ ಆವೃತ್ತಿಯಲ್ಲಿ ಸರಿಮಾಡಿದರು.

ಈ ದಾಳಿಗೆ ಒಂದು ಷರತ್ತಿದೆ. ಬೇಕಾದ ಹಾಗೆ ಹೆಸರಿಟ್ಟು ಖಾತೆ ತೆರೆಯಲು ಲಾಗಿನ್ ಸರ್ವರ್ ಬಿಡಬೇಕು. ಖಾತೆಗಳನ್ನು ಆಫೀಸಿನವರೇ ತೆರೆಯುವ ಕಾಲೇಜಿಗೆ ಅಪಾಯ ಕಡಿಮೆ. ವಿದ್ಯಾರ್ಥಿಗಳು ತಾವೇ ನೋಂದಣಿ ಮಾಡಿಕೊಂಡು ಯೂಸರ್‌ನೇಮ್ ಆರಿಸಿಕೊಳ್ಳುವಂತಿದ್ದರೆ ಜಾಸ್ತಿ. ನಿಮ್ಮಲ್ಲಿ ಹೇಗಿದೆ ನೋಡಿಕೊಳ್ಳಿ.

ಆಮೇಲೂ ಇದು ನಿಲ್ಲಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರೂಬಿ-ಸ್ಯಾಮಲ್ ಲೈಬ್ರರಿಯಲ್ಲಿ ಸಿವಿಇ-2024-45409 ಸಿಕ್ಕಿತು. ಲಾಗಿನ್ ಸರ್ವರ್ ಸಹಿ ಮಾಡಿದ ಯಾವುದಾದರೂ ಒಂದು ಸ್ಯಾಮಲ್ ದಾಖಲೆ ಕೈಗೆ ಸಿಕ್ಕರೆ ಸಾಕು, ಬೇಕಾದ ಹೆಸರಿನಲ್ಲಿ ಅಸರ್ಷನ್ ಹೆಣೆಯಬಹುದಿತ್ತು. ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್ ಈ ಲೈಬ್ರರಿಯನ್ನು ಬಳಸುತ್ತಿದ್ದರಿಂದ ಅವರೂ ಅವಸರದಲ್ಲಿ ತಿದ್ದುಪಡಿ ಬಿಡಬೇಕಾಯಿತು. ಆರು ತಿಂಗಳಲ್ಲಿ, ಅಂದರೆ 2025ರ ಮಾರ್ಚ್‌ನಲ್ಲಿ, ಅದೇ ಲೈಬ್ರರಿಯಲ್ಲಿ ಇನ್ನೆರಡು ದೋಷ ಸಿಕ್ಕವು. ಈ ಸಲದ ಕಾರಣ ಕೇಳಿದರೆ ಬೇಸರವಾಗುತ್ತದೆ. ಆ ಲೈಬ್ರರಿ ಸಹಿ ನೋಡುವ ದಾರಿಯಲ್ಲಿ ಎರಡು ಎಕ್ಸ್‌ಎಂಎಲ್ ಪಾರ್ಸರ್‌ಗಳನ್ನು (ದಾಖಲೆ ಓದಿ ಬಿಡಿಸುವ ಕೋಡ್‌ಗಳನ್ನು) ಬಳಸುತ್ತಿತ್ತು: ಆರ್‌ಇಎಕ್ಸ್‌ಎಂಎಲ್ ಒಂದು, ನೊಕೊಗಿರಿ ಇನ್ನೊಂದು. ಒಂದಕ್ಕೆ ಕಾಣುವುದು ಇನ್ನೊಂದಕ್ಕೆ ಕಾಣದ ಹಾಗೆ ದಾಖಲೆ ಬರೆಯಬಹುದು ಎಂದು ತೋರಿಸಿದರು. 1.18.0 ಆವೃತ್ತಿಯಲ್ಲಿ ಅದು ಸರಿಯಾಯಿತು.

ಅದೇ ಮಾರ್ಚ್‌ನಲ್ಲಿ ಇನ್ನೂ ಎರಡು ಕಡೆ ಗಂಟೆ ಬಾರಿಸಿತು. ಇವೆರಡೂ ನಿಮ್ಮ ಮನೆಬಾಗಿಲಿನ ವಿಷಯ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಶಿಬೊಲೆತ್ ಎಂದು ನೀವು ಒಂದೇ ಹೆಸರು ಬರೆದಿದ್ದೀರಿ. ಅದು ಎರಡು ಬೇರೆ ಸಾಫ್ಟ್‌ವೇರ್. ಲಾಗಿನ್ ಸರ್ವರ್‌ನಲ್ಲಿ ಕೂರುವುದು ಐಡಿಪಿ, ಅದು ಜಾವಾದಲ್ಲಿದೆ. ಆ್ಯಪ್ ಇರುವ ಕಡೆ ಅಪಾಚೆ ವೆಬ್ ಸರ್ವರ್‌ನ ಜೊತೆ ಕೂರುವುದು ಎಸ್‌ಪಿ, ಅದು ಸಿ++ನಲ್ಲಿದೆ. ಐಡಿಪಿ ಅಪ್‌ಡೇಟ್ ಮಾಡಿ 'ಶಿಬೊಲೆತ್ ಮುಗೀತು' ಎಂದು ಕುಳಿತುಕೊಳ್ಳುವವರು ಬಹಳ ಜನ ಇದ್ದಾರೆ. ಇಲ್ಲಿಯವರೆಗೆ ಹೇಳಿದ ದೋಷಗಳೆಲ್ಲ ಇದ್ದದ್ದು ಹೇಳಿಕೆ ಕೊಡುವ ಕಡೆ ಅಲ್ಲ, ಅದನ್ನು ಓದುವ ಕಡೆ. 2025ರ ಮಾರ್ಚ್‌ನ ಶಿಬೊಲೆತ್ ದೋಷವೂ ಹಾಗೇ. ಎಸ್‌ಪಿ ಬಳಸುವ ಓಪನ್‌ಸ್ಯಾಮಲ್ ಲೈಬ್ರರಿಯಲ್ಲಿ ಪ್ಯಾರಾಮೀಟರ್‌ಗಳನ್ನು ತಿರುಚಿ ಸಹಿ ಇರುವ ಸಂದೇಶವನ್ನು ನಕಲಿ ಮಾಡಬಹುದಿತ್ತು. 3.3.1ನೇ ಆವೃತ್ತಿಯಲ್ಲಿ ಸರಿಮಾಡಿದರು. ಅಪ್‌ಡೇಟ್ ಹಾಕಿದ ಮೇಲೆ ಶಿಬ್‌ಡಿ (ಎಸ್‌ಪಿಯ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಮತ್ತು ಅಪಾಚೆ ಎರಡನ್ನೂ ರೀಸ್ಟಾರ್ಟ್ ಮಾಡಬೇಕು. ಇಲ್ಲದಿದ್ದರೆ ಡಿಸ್ಕ್‌ನಲ್ಲಿ ಹೊಸದು, ಮೆಮೊರಿಯಲ್ಲಿ ಹಳೆಯದೇ ಓಡುತ್ತಿರುತ್ತದೆ. ಇನ್ನೊಂದು ಮಾತು. ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ವಿತರಣೆಗಳು ಹಳೆಯ ಆವೃತ್ತಿಯ ಸಂಖ್ಯೆಯನ್ನೇ ಇಟ್ಟುಕೊಂಡು ತಿದ್ದುಪಡಿ ಮಾತ್ರ ಸೇರಿಸುತ್ತವೆ. ಹಾಗಾಗಿ ಬರೀ ಸಂಖ್ಯೆ ನೋಡಿ ಗಾಬರಿಯಾಗಬೇಡಿ, ನಿರಾಳವೂ ಆಗಬೇಡಿ. ಆ ವಿತರಣೆಯ ಭದ್ರತಾ ಸೂಚನೆಯನ್ನು ತೆರೆದು ನೋಡಿ.

ನಿಮ್ಮ ಮೂಡಲ್ ಶಿಬೊಲೆತ್ ಎಸ್‌ಪಿಯನ್ನು ಬಳಸುತ್ತಿಲ್ಲದಿರುವ ಸಾಧ್ಯತೆಯೂ ಇದೆ. ಮೂಡಲ್‌ಗೆ ಸ್ಯಾಮಲ್ ಜೋಡಿಸಲು ತುಂಬಾ ಕಡೆ ಹಾಕುವ ಪ್ಲಗಿನ್ ಒಳಗೆ ಸಿಂಪಲ್‌ಸ್ಯಾಮಲ್‌ಪಿಎಚ್‌ಪಿ ಕೂತಿರುತ್ತದೆ. ಅದರ ಸ್ಯಾಮಲ್2 ಲೈಬ್ರರಿಯಲ್ಲೂ ಅದೇ ಮಾರ್ಚ್‌ನಲ್ಲಿ ಸಿವಿಇ-2025-27773 ಎಂಬ ಸಹಿ ಗೊಂದಲದ ದೋಷ ಸಿಕ್ಕಿತ್ತು. ಸರ್ವರ್‌ನ ಪ್ಯಾಕೇಜ್‌ಗಳನ್ನು ಎಷ್ಟು ಅಪ್‌ಡೇಟ್ ಮಾಡಿದರೂ ಪ್ಲಗಿನ್ ಒಳಗಿನ ಈ ಪ್ರತಿ ಬದಲಾಗುವುದಿಲ್ಲ. ಪ್ಲಗಿನ್ನನ್ನೇ ಅಪ್‌ಡೇಟ್ ಮಾಡಬೇಕು. ಫೀಸ್ ಪೋರ್ಟಲ್ ಮಾಡಿಕೊಟ್ಟ ವೆಂಡರ್‌ಗೂ ಬರವಣಿಗೆಯಲ್ಲಿ ಕೇಳಿ: ಯಾವ ಸ್ಯಾಮಲ್ ಲೈಬ್ರರಿ, ಯಾವ ಆವೃತ್ತಿ, ಕೊನೆಯ ಸಲ ಬದಲಾಯಿಸಿದ್ದು ಯಾವಾಗ? 'ನಾವೇ ಬರೆದಿದ್ದೇವೆ' ಎಂದು ಉತ್ತರ ಬಂದರೆ ನಿಜಕ್ಕೂ ಚಿಂತೆ ಮಾಡಿ. ವರ್ಷಗಟ್ಟಲೆ ಪಳಗಿದವರ ಲೈಬ್ರರಿಗಳೇ ಇಲ್ಲಿ ಎಡವಿವೆ. ಒಂದು ಪೋರ್ಟಲ್‌ಗಾಗಿ ಎಕ್ಸ್‌ಎಂಎಲ್ ಸಹಿಯ ಪರೀಕ್ಷೆಯನ್ನು ಸ್ವಂತ ಬರೆಯುವುದು ಯಾರೂ ಮಾಡಬಾರದ ಕೆಲಸ.

'ಹಾಗಾದರೆ ಸ್ಯಾಮಲ್ ಬಿಟ್ಟು ಓಪನ್‌ಐಡಿ ಕನೆಕ್ಟ್‌ಗೆ ಹೋಗೋಣವೇ?' ಎಂದು ನಿಮಗೆ ಅನ್ನಿಸಬಹುದು. ಹೊಸ ಆ್ಯಪ್ ಜೋಡಿಸುವುದಿದ್ದರೆ ಹೌದು, ಅದನ್ನೇ ಆರಿಸಿ. ಅದರ ಟೋಕನ್‌ನಲ್ಲಿ ಸಹಿ ಇರುವುದು ಅಕ್ಷರಗಳ ಸಾಲಿನ ಮೇಲೆ, ಬಂದದ್ದು ಬಂದ ಹಾಗೆಯೇ. ರೂಪ ಬದಲಿಸುವ ಹಂತವಿಲ್ಲ, ಆದ್ದರಿಂದ ಆ ಬಿರುಕೂ ಇಲ್ಲ. ಅದಕ್ಕೆ ಬೇರೆ ಕಾಯಿಲೆಗಳಿದ್ದವು. ಟೋಕನ್ನೇ 'ನನಗೆ ಸಹಿ ಇಲ್ಲ, ಹಾಗೇ ನಂಬಿ' ಎಂದರೆ ಒಪ್ಪಿಕೊಳ್ಳುವ ಲೈಬ್ರರಿಗಳು ಇದ್ದದ್ದು 2015ರಲ್ಲಿ ಹೊರಬಂತು. ಈಗಿನ ಒಳ್ಳೆಯ ಲೈಬ್ರರಿಗಳಲ್ಲಿ ಅದು ಇಲ್ಲ. ಆದರೆ ನಿಮ್ಮ ಇ-ಜರ್ನಲ್‌ಗಳು ಗಾಂಧಿನಗರದ ಇನ್‌ಫ್ಲಿಬ್‌ನೆಟ್ (ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲದ ಕೇಂದ್ರ) ನಡೆಸುವ ಇನ್‌ಫೆಡ್ ಒಕ್ಕೂಟದ ಮೂಲಕ ಬರುತ್ತಿದ್ದರೆ ಅಲ್ಲಿ ಶಿಬೊಲೆತ್, ಸ್ಯಾಮಲ್‌ಗಳೇ ನಡೆಯುತ್ತವೆ. ಹಾಗಾಗಿ ಸ್ಯಾಮಲ್ ನಿಮ್ಮ ಜೊತೆ ಇನ್ನೂ ಕೆಲವು ವರ್ಷ ಇರುತ್ತದೆ. ಅದನ್ನು ಚೆನ್ನಾಗಿ ನೋಡಿಕೊಳ್ಳುವುದೇ ದಾರಿ.

ಸಹಿ ಸರಿಯಿದ್ದು, ಹೆಸರೂ ಸರಿಯಿದ್ದು ಮೋಸವಾಗುವ ಇನ್ನೊಂದು ಬಗೆ ಇದೆ. ಹೇಳಿಕೆ ಯಾರಿಗೆ ಬರೆದದ್ದು ಎಂದು ಆ್ಯಪ್ ನೋಡದಿರುವುದು. ಒಂದು ಕಡೆಗೆಂದು ಕೊಟ್ಟ ಟೋಕನ್ನನ್ನು ಇನ್ನೊಂದು ಕಡೆ ತೋರಿಸಿ ಒಳಗೆ ಬರಬಹುದು. ಯೇಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಿಎಎಸ್ ಎಂಬ ಇನ್ನೊಂದು ಸಿಂಗಲ್ ಸೈನ್ ಆನ್ ಪದ್ಧತಿಯನ್ನು ಬಳಸುವ ಕಾಲೇಜುಗಳು 2022ರ ಸಿವಿಇ-2022-39369 ಅನ್ನು ನೆನಪಿಡಬೇಕು. ಪಿಎಚ್‌ಪಿಸಿಎಎಸ್ ಲೈಬ್ರರಿ ತಾನು ಯಾವ ಸೈಟ್ ಎಂಬುದನ್ನು ಬ್ರೌಸರ್ ಕಳಿಸುವ ಹೆಡರ್‌ಗಳಿಂದ ತಿಳಿದುಕೊಳ್ಳುತ್ತಿತ್ತು. ತಾನು ಯಾರು ಎಂಬುದನ್ನು ಎದುರಿನವರಿಂದ ಕೇಳಿ ತಿಳಿಯಬಾರದು ಅಲ್ವಾ? 1.6.0 ಆವೃತ್ತಿಯಿಂದ ಸೈಟ್‌ನ ವಿಳಾಸವನ್ನು ಸೆಟ್ಟಿಂಗ್‌ನಲ್ಲೇ ಬರೆದು ಕೊಡಬೇಕು.

ಈಗ ಹೇಳುವುದು ಕಾಲೇಜುಗಳಿಗೆ ತುಂಬಾ ಹತ್ತಿರದ್ದು. ಇಲ್ಲಿ ಸಾಫ್ಟ್‌ವೇರ್‌ನಲ್ಲಿ ದೋಷವೇ ಬೇಕಿಲ್ಲ. ಆ್ಯಪ್ ನಿಮ್ಮನ್ನು ಯಾವುದರಿಂದ ಗುರುತಿಸುತ್ತದೆ? ತುಂಬಾ ಕಡೆ ಇಮೇಲ್‌ನಿಂದ. ಇಮೇಲ್ ಬದಲಾಗುತ್ತದೆ, ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. 2023ರ ಜೂನ್‌ನಲ್ಲಿ ಡೀಸ್ಕೋಪ್ ಎಂಬ ಸಂಸ್ಥೆ ಮೈಕ್ರೋಸಾಫ್ಟ್ ಲಾಗಿನ್ ಬಳಸುವ ಆ್ಯಪ್‌ಗಳಲ್ಲಿ ಇದನ್ನು ತೋರಿಸಿತು. ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನಲ್ಲಿ ತನ್ನದೇ ಖಾತೆ ತೆರೆದು, ಅಲ್ಲಿನ ಇಮೇಲ್ ಜಾಗದಲ್ಲಿ ಬೇರೆಯವರ ವಿಳಾಸ ಬರೆದುಕೊಂಡು, 'ಮೈಕ್ರೋಸಾಫ್ಟ್ ಮೂಲಕ ಲಾಗಿನ್' ಒತ್ತಿದರೆ, ಇಮೇಲನ್ನೇ ನಂಬುವ ಆ್ಯಪ್ ಅವರ ಖಾತೆಯನ್ನೇ ತೆರೆದುಕೊಟ್ಟಿತು. 2025ರ ಜನವರಿಯಲ್ಲಿ ಟ್ರಫಲ್ ಸೆಕ್ಯೂರಿಟಿಯವರು ಇದೇ ಗುಂಪಿನ ಇನ್ನೊಂದನ್ನು ತೋರಿಸಿದರು. ಮುಚ್ಚಿಹೋದ ಸ್ಟಾರ್ಟಪ್‌ನ ಡೊಮೇನ್ ಕೊಂಡು, ಹಳೆಯ ನೌಕರರ ಇಮೇಲ್‌ಗಳನ್ನು ಮತ್ತೆ ಸೃಷ್ಟಿಸಿ, ಗೂಗಲ್ ಲಾಗಿನ್ ಮೂಲಕ ಅವರು ಬಳಸುತ್ತಿದ್ದ ಸೇವೆಗಳಿಗೆ ಹೋಗಬಹುದು.

ನಿಮ್ಮಲ್ಲಿ ಓದು ಮುಗಿಸಿ ಹೋದ ವಿದ್ಯಾರ್ಥಿಯ ಇಮೇಲನ್ನು ಅದೇ ಹೆಸರಿನ ಹೊಸ ವಿದ್ಯಾರ್ಥಿಗೆ ಕೊಡುತ್ತೀರಾ? ಕೊಡುತ್ತಿದ್ದರೆ, ಹೊಸಬರು ಲಾಗಿನ್ ಆದ ತಕ್ಷಣ ಹಳಬರ ಮೂಡಲ್ ಖಾತೆ, ಫೀಸ್ ರಸೀದಿ ಎಲ್ಲ ಅವರಿಗೆ ತೆರೆದುಕೊಳ್ಳಬಹುದು. ದಾಳಿಕೋರರೂ ಬೇಡ, ದುರುದ್ದೇಶವೂ ಬೇಡ. ಮರುಬಳಕೆಯಾಗದ ಒಂದು ಗುರುತನ್ನು ಆ್ಯಪ್‌ಗಳಿಗೆ ಕಳಿಸಿ. ವಿಟಿಯು ಅಡಿಯ ಕಾಲೇಜಾದರೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯಾದ ಯುಎಸ್‌ಎನ್ ಅಂಥದ್ದೇ, ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಬರುವುದಿಲ್ಲ. ಅದು ಎಲ್ಲರಿಗೂ ಗೊತ್ತಿದ್ದರೂ ಪರವಾಗಿಲ್ಲ, ಗುರುತು ಗುಟ್ಟಾಗಿರಬೇಕಿಲ್ಲ. ಆದರೆ ಹೊರಗಿನ ಜರ್ನಲ್ ಕಂಪನಿಗಳಿಗೆ ವಿದ್ಯಾರ್ಥಿಯ ಯುಎಸ್‌ಎನ್ ಯಾಕೆ ಬೇಕು? ಅವರಿಗೆ ಸ್ಯಾಮಲ್‌ನ ಪೇರ್‌ವೈಸ್ ಐಡಿ ಕಳಿಸಿ. ಒಂದೊಂದು ಸೇವೆಗೂ ಬೇರೆ ಬೇರೆ ಗುರುತು ಹೋಗುತ್ತದೆ, ಒಬ್ಬರಿಗೆ ಕೊಟ್ಟದ್ದು ಮತ್ತೊಬ್ಬರಿಗೆ ಹೋಗುವುದಿಲ್ಲ, ಹೆಸರೂ ಗೊತ್ತಾಗುವುದಿಲ್ಲ.

ಹೇಳಿಕೆ ಕೊಡುವ ಕಡೆಯೇ ಎಡವಿದ ಉದಾಹರಣೆಗಳೂ ಇವೆ. 2020ರಲ್ಲಿ ನಮ್ಮ ದೇಶದವರೇ ಆದ ಭಾವುಕ್ ಜೈನ್ 'ಆ್ಯಪಲ್ ಮೂಲಕ ಸೈನ್ ಇನ್' ಸೇವೆಯಲ್ಲಿ ಒಂದನ್ನು ಕಂಡುಹಿಡಿದರು. ಯಾವ ಇಮೇಲ್ ಹೆಸರಿನಲ್ಲಿ ಟೋಕನ್ ಕೇಳಿದರೂ ಆ್ಯಪಲ್ ಸರ್ವರ್ ಸಹಿ ಹಾಕಿ ಕೊಡುತ್ತಿತ್ತು. ಸಹಿ ಅಸಲಿ, ಆ್ಯಪ್‌ನ ಪರೀಕ್ಷೆಯೂ ಸರಿ, ಒಳಗಿನ ಮಾತು ಮಾತ್ರ ಸುಳ್ಳು. ಆ್ಯಪಲ್ ಅವರಿಗೆ 1 ಲಕ್ಷ ಡಾಲರ್ ಬಹುಮಾನ ಕೊಟ್ಟಿತು. ಯಾರೂ ಇದನ್ನು ದುರುಪಯೋಗ ಮಾಡಿಕೊಂಡ ಗುರುತು ತನ್ನ ಲಾಗ್‌ಗಳಲ್ಲಿ ಇಲ್ಲ ಎಂದು ಹೇಳಿತು.

ಎಲ್ಲಕ್ಕಿಂತ ಕೆಟ್ಟದ್ದು ಸಹಿ ಮಾಡುವ ಕೀಯೇ ಕಳುವಾಗುವುದು. ಆಗ ಯಾವ ಬಿರುಕೂ ಬೇಕಿಲ್ಲ. ಕದ್ದವರು ತಾವೇ ಲಾಗಿನ್ ಸರ್ವರ್ ಆಗಿಬಿಡುತ್ತಾರೆ. 2017ರಲ್ಲಿ ಸೈಬರ್‌ಆರ್ಕ್ ಸಂಸ್ಥೆ ಇದಕ್ಕೆ ಗೋಲ್ಡನ್ ಸ್ಯಾಮಲ್ ಎಂದು ಹೆಸರಿಟ್ಟಿತು. ಸೋಲಾರ್‌ವಿಂಡ್ಸ್ ಕಂಪನಿಯ ಸಾಫ್ಟ್‌ವೇರ್ ಮೂಲಕ ನಡೆದು 2020ರ ಕೊನೆಯಲ್ಲಿ ಹೊರಬಂದ ದಾಳಿಯಲ್ಲಿ ಅದು ನಿಜವಾಗಿ ಬಳಕೆಯಾಯಿತು. 2023ರಲ್ಲಿ ಸ್ಟಾರ್ಮ್-0558 ಎಂಬ ಗುಂಪು ಮೈಕ್ರೋಸಾಫ್ಟ್‌ನ 2016ರ ಒಂದು ಕೀ ಹಿಡಿದುಕೊಂಡು ಟೋಕನ್‌ಗಳನ್ನು ತಾನೇ ತಯಾರಿಸಿ ಅಮೆರಿಕ ಸರ್ಕಾರದ ಅಧಿಕಾರಿಗಳ ಮೇಲ್‌ಗಳನ್ನು ಓದಿತು. ಆ ಕೀ ಸಾಮಾನ್ಯ ಗ್ರಾಹಕರ ಖಾತೆಗಳಿಗೆ ಇದ್ದದ್ದು, ಕಚೇರಿ ಮೇಲ್‌ಗೆ ನಡೆಯಬಾರದಿತ್ತು. ನಡೆಯಿತು.

ನಿಮ್ಮ ಐಡಿಪಿಯ ಖಾಸಗಿ ಕೀ ಎಲ್ಲಿದೆ, ಯಾವ ಯಾವ ಬ್ಯಾಕಪ್‌ನಲ್ಲಿದೆ, ಯಾರು ಓದಬಲ್ಲರು ಎಂದು ಈ ವಾರವೇ ಪಟ್ಟಿ ಮಾಡಿ. ವೆಂಡರ್ 'ಸರ್ಟಿಫಿಕೇಟ್ ಕಳಿಸಿ ಸರ್' ಎಂದಾಗ ಕಳಿಸಬೇಕಾದ್ದು ಸಾರ್ವಜನಿಕ ಭಾಗ ಮಾತ್ರ. ಅದು ಮೆಟಾಡೇಟಾದಲ್ಲೇ (ಲಾಗಿನ್ ಸರ್ವರ್‌ನ ವಿವರಗಳಿರುವ ಫೈಲ್‌ನಲ್ಲೇ) ಇರುತ್ತದೆ. ಸರ್ಟಿಫಿಕೇಟ್, ಕೀ ಎರಡೂ ಒಟ್ಟಿಗಿರುವ ಪಿಎಫ್‌ಎಕ್ಸ್ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಖಾಸಗಿ ಕೀಯೂ ಅದರ ಜೊತೆಯೇ ಹೋದಂತೆ. ಹಿಂದೆ ಯಾರಾದರೂ ಹಾಗೆ ಕಳಿಸಿದ್ದಾರೆ ಎಂದು ಗೊತ್ತಾದರೆ ಕೀ ಬದಲಿಸಿ, ಹೊಸ ಮೆಟಾಡೇಟಾವನ್ನು ಎಲ್ಲ ಆ್ಯಪ್‌ಗಳಿಗೂ ಇನ್‌ಫೆಡ್‌ಗೂ ಕೊಡಿ.

ಪ್ರಿನ್ಸಿಪಾಲರಿಗೆ ಏನು ಹೇಳುವುದು? ಹಳೆಯ ಪದ್ಧತಿಗೆ ಹೋಗಬೇಡಿ ಎಂದೇ ಹೇಳಿ. ಐದಾರು ಕಡೆ ಪಾಸ್‌ವರ್ಡ್ ಇಟ್ಟರೆ ಜನ ಎಲ್ಲ ಕಡೆಯೂ ಒಂದೇ ಪಾಸ್‌ವರ್ಡ್ ಇಡುತ್ತಾರೆ. ಅದರಲ್ಲಿ ತೀರಾ ಸಡಿಲವಾದ ಪೋರ್ಟಲ್ ಸೋರಿದರೆ ಎಲ್ಲವೂ ಸೋರಿದಂತೆ. ಕೆಲಸ ಬಿಟ್ಟುಹೋದವರ ಖಾತೆಯನ್ನು ಐದಾರು ಕಡೆ ನೆನಪಿಟ್ಟು ಮುಚ್ಚಬೇಕು, ಒಂದು ಕಡೆ ಮರೆತೇ ಮರೆಯುತ್ತೇವೆ. ನಾನು ಹೇಳಿದ ದೋಷಗಳು ಗಂಭೀರ, ಆದರೆ ಅವುಗಳನ್ನು ಬಳಸಲು ಬುದ್ಧಿ, ಸಮಯ ಎರಡೂ ಬೇಕು. ಕದ್ದ ಪಾಸ್‌ವರ್ಡ್ ಬಳಸಲು ಎರಡೂ ಬೇಡ. ಬೇಕಿದ್ದರೆ ಅಂಕ ತಿದ್ದುವುದು, ಫೀಸ್ ರಿಯಾಯಿತಿ ಹಾಕುವುದು, ಇಂಥ ಎರಡು ಮೂರು ಕೆಲಸಗಳಿಗೆ ಆ ಆ್ಯಪ್‌ನಲ್ಲೇ ಇನ್ನೊಂದು ಒಟಿಪಿ ಕೇಳುವ ವ್ಯವಸ್ಥೆ ಮಾಡಿಸಿ. ಆಗ ಯಾರೋ ನಕಲಿ ಅಸರ್ಷನ್ ಹಿಡಿದು ಬಂದರೂ ಅಲ್ಲಿ ತಡೆಯುತ್ತದೆ. ಏಕೆಂದರೆ ಈ ಒಟಿಪಿ ಲಾಗಿನ್ ಸರ್ವರ್‌ನ ಮಾತನ್ನು ನಂಬಿ ಕೂತಿಲ್ಲ.

ಅಪ್‌ಡೇಟ್ ಆದ ಮೇಲೆ ಇನ್ನೆರಡು ಕೆಲಸ ಉಳಿಯುತ್ತದೆ. ಮೊದಲನೆಯದು, ತೆರೆದಿರುವ ಸೆಷನ್‌ಗಳನ್ನೆಲ್ಲ ಮುಗಿಸಿಬಿಡಿ. ತೂತಿದ್ದಾಗ ಒಳಗೆ ಬಂದವರು ತೂತು ಮುಚ್ಚಿದ ಮೇಲೂ ಒಳಗೇ ಇರಬಹುದು. ಅಡ್ಮಿನ್ ಹಕ್ಕು ಹೊಸದಾಗಿ ಯಾರಿಗಾದರೂ ಸಿಕ್ಕಿದೆಯಾ, ಯಾರದಾದರೂ ಇಮೇಲ್ ಅಥವಾ ಫೋನ್ ನಂಬರ್ ಬದಲಾಗಿದೆಯಾ ನೋಡಿ.

ಎರಡನೆಯದು ಲಾಗ್ ತಾಳೆ ನೋಡುವುದು. ಬೇಜಾರಿನ ಕೆಲಸ, ಆದರೆ ಸೋಗು ನಡೆದಿದೆಯಾ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಐಡಿಪಿಯ ಆಡಿಟ್ ಲಾಗ್‌ನಲ್ಲಿ ಯಾರಿಗೆ, ಯಾವ ಆ್ಯಪ್‌ಗಾಗಿ, ಯಾವ ಸಂಖ್ಯೆಯ ಅಸರ್ಷನ್ ಕೊಟ್ಟೆ ಎಂದು ಇರುತ್ತದೆ. ಎಸ್‌ಪಿಯ ಟ್ರಾನ್ಸಾಕ್ಷನ್ ಲಾಗ್‌ನಲ್ಲಿ ಯಾವ ಅಸರ್ಷನ್ ನೋಡಿ ಯಾರ ಹೆಸರಲ್ಲಿ ಸೆಷನ್ ತೆರೆದೆ ಎಂದು ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಡಿ. ಆ್ಯಪ್ ಕಡೆ ಸೆಷನ್ ಇದ್ದು ಐಡಿಪಿ ಕಡೆ ಸಾಲೇ ಇಲ್ಲದಿದ್ದರೆ ಯಾರೋ ಅಸರ್ಷನ್ನನ್ನೇ ಸೃಷ್ಟಿಸಿದ್ದಾರೆ. ಸಂಖ್ಯೆ ಒಂದೇ, ಹೆಸರು ಬೇರೆ ಇದ್ದರೆ ಅದು ಕಾಮೆಂಟ್ ಅಥವಾ ರ‍್ಯಾಪಿಂಗ್ ಥರದ ದಾಳಿ. ಹೆಸರು ಒಂದೇ, ಆ್ಯಪ್ ಬೇರೆ ಇದ್ದರೆ ಒಂದು ಕಡೆಯ ಟೋಕನ್ ಇನ್ನೊಂದು ಕಡೆ ನಡೆದಿದೆ. ಎರಡೂ ಸರ್ವರ್‌ಗಳ ಗಡಿಯಾರ ಒಂದೇ ಸಮಯ ತೋರಿಸಬೇಕು, ಇಲ್ಲದಿದ್ದರೆ ತಲೆ ಕೆಡುತ್ತದೆ. ಪೇರ್‌ವೈಸ್ ಐಡಿ ಕಳಿಸುತ್ತಿದ್ದರೆ ಐಡಿಪಿ ಲಾಗ್‌ನಲ್ಲಿ ಅದೂ ಬರುವ ಹಾಗೆ ಮಾಡಿಕೊಳ್ಳಿ. ಸ್ಟಾರ್ಮ್-0558 ಗುಂಪು ಸಿಕ್ಕಿಬಿದ್ದದ್ದೂ ಲಾಗ್‌ನಿಂದಲೇ. 2023ರ ಜೂನ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯವರು ಮೇಲ್ ಓದಿದ ಲಾಗ್‌ನಲ್ಲಿ ಏನೋ ಸರಿಯಿಲ್ಲ ಎಂದು ಗಮನಿಸಿ ಮೈಕ್ರೋಸಾಫ್ಟ್‌ಗೆ ತಿಳಿಸಿದರು.

ಲಾಗ್ ಇಲ್ಲದಿದ್ದರೆ ತಾಳೆ ನೋಡಲು ಏನೂ ಇರುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು. ಅನಧಿಕೃತ ಪ್ರವೇಶದಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಇವತ್ತೇ ನಿಮ್ಮ ಐಡಿಪಿ ಸರ್ವರ್‌ಗೆ ಹೋಗಿ ಲಾಗ್ ಎಷ್ಟು ದಿನ ಉಳಿಯುವಂತೆ ಹೊಂದಿಸಿದೆ ಎಂದು ನೋಡಿ. 180ಕ್ಕಿಂತ ಕಡಿಮೆ ಇದ್ದರೆ ಮೊದಲು ಅದನ್ನು ಏರಿಸಿ, ಈಗಿರುವ ಲಾಗ್‌ಗಳನ್ನು ಬೇರೆ ಸರ್ವರ್‌ಗೆ ಕಾಪಿ ಮಾಡಿ ಇಡಿ. ತಾಳೆ ನೋಡುವಾಗ ಮೇಲೆ ಹೇಳಿದ ಮೂರರಲ್ಲಿ ಒಂದಾದರೂ ಸಿಕ್ಕರೆ ಆ ಸರ್ವರ್‌ನಲ್ಲಿ ಏನನ್ನೂ ಅಳಿಸಬೇಡಿ, ಮೊದಲು ಸರ್ಟ್-ಇನ್‌ಗೆ ಬರೆಯಿರಿ.